ಮೆಣಸಿನ ಹೊಲದ ಪಾಠ



ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಪ್ರತಿ ವರ್ಷ ದಸರಾ ವೇಳೆಗೆ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾರೆ. ಆ ಒಂದು ಮಾತಿನಲ್ಲಿ ಜನರು ಮುಂದಿನ ಮಳೆ-ಬೆಳೆಯ ಸುಳಿವು ಹುಡುಕುತ್ತಾರೆ. ನಾಳೆ ಏನಾಗುವುದೋ ಎಂಬ ಆತಂಕ ಯಾರ ಮನೆಯಲ್ಲಿಲ್ಲ ಹೇಳಿ? ಆದರೆ ಆ ಸೀಮೆಯ ರೈತ ಮಾತು ಕೇಳಿ ಸುಮ್ಮನೆ ಕೂರುವುದಿಲ್ಲ. ಮೆಣಸಿನಕಾಯಿಯ ಹೊಲದಲ್ಲೇ ಹತ್ತಿ, ಉಳ್ಳಾಗಡ್ಡಿಯನ್ನೂ ಬೆಳೆಯುವುದು ಅಲ್ಲಿನ ಹಳೆಯ ರೂಢಿ. ಒಂದು ಕೈಕೊಟ್ಟರೆ ಇನ್ನೊಂದು ಕೈ ಹಿಡಿಯುತ್ತದೆ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ರೊಚ್ಚಿಗೆದ್ದ ರೈತರು ವಾಹನಗಳಿಗೆ ಬೆಂಕಿ ಹಚ್ಚಿದ್ದರು. ಒಂದೇ ಬೆಳೆಯನ್ನು ನಂಬಿದವರ ಸಂಕಟ ಎಂಥದೆಂದು ಅಂದು ಎಲ್ಲರಿಗೂ ತಿಳಿಯಿತು.

ಪೋರ್ಟ್‌ಫೋಲಿಯೊ ಎಂಬ ದೊಡ್ಡ ಶಬ್ದದ ಅರ್ಥವೂ ಇಷ್ಟೇ. ಇರುವ ಹಣವನ್ನೆಲ್ಲ ಒಂದೇ ಹೊಲಕ್ಕೆ ಸುರಿಯಬಾರದು.

ಈ ಪಾಠವನ್ನು ನಮ್ಮ ಸಮುದಾಯ ಬಹಳ ದುಬಾರಿ ಬೆಲೆ ತೆತ್ತು ಕಲಿತಿದೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಬಾಗಿಲು ಮುಚ್ಚಿತು. 'ಹಲಾಲ್ ಹೂಡಿಕೆ' ಎಂಬ ಮಾತನ್ನು ನಂಬಿ ಮಗಳ ಮದುವೆಗೆ ಕೂಡಿಟ್ಟ ಹಣ, ಕೈಬಳೆ ಮಾರಿದ ಹಣ, ವಿಧವೆಯ ಕೊನೆಯ ಆಸರೆ ಎಲ್ಲವನ್ನೂ ಅಲ್ಲಿಟ್ಟವರು ಬೀದಿಗೆ ಬಂದು ಅತ್ತರು. ದೂರು ಕೊಟ್ಟವರ ಸಂಖ್ಯೆ ಹತ್ತಾರು ಸಾವಿರ. ಹೊಸಬರ ಹಣವನ್ನೇ ಹಳಬರಿಗೆ ಲಾಭವೆಂದು ಹಂಚಲಾಗುತ್ತಿತ್ತು ಎಂಬುದು ಅದರ ಮೇಲಿನ ಆರೋಪ.

ಹಜ್ರತ್ ಖದೀಜಾ(ರ)ರನ್ನು ನೆನೆಯಿರಿ. ಅವರು ತಮ್ಮ ಬಂಡವಾಳವನ್ನು ಇತರರ ಕೈಯಲ್ಲಿಟ್ಟು ವ್ಯಾಪಾರ ಮಾಡಿಸುತ್ತಿದ್ದ ಮಹಿಳೆ. ಆದರೆ ಕಣ್ಣುಮುಚ್ಚಿ ಕೊಡಲಿಲ್ಲ. ಪ್ರವಾದಿವರ್ಯರ(ಸ) ಪ್ರಾಮಾಣಿಕತೆಯನ್ನು ಕೇಳಿ ತಿಳಿದೇ ಅವರನ್ನು ಸಿರಿಯಾಕ್ಕೆ ಕಳುಹಿಸಿದರು. ಜೊತೆಗೆ ಸೇವಕ ಮೈಸರಾರನ್ನೂ ಕಳುಹಿಸಿದರು. ಅವರು ಮರಳಿ ಬಂದು ಕಂಡದ್ದನ್ನೆಲ್ಲ ವರದಿ ಮಾಡಿದರು.

ನೀವೂ ಕೇಳಿರಿ. ಹಣ ಯಾವ ವ್ಯಾಪಾರಕ್ಕೆ ಹೋಗುತ್ತದೆ? ಲೆಕ್ಕ ನೋಡುವವರು ಯಾರು? ಸಂಸ್ಥೆ ಸೆಬಿ ಅಥವಾ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವೇ? ನಷ್ಟವಾದರೆ ಏನು? 'ನಷ್ಟವೇ ಇಲ್ಲ' ಎಂದರೆ ಅಲ್ಲಿಂದ ಎದ್ದು ಬನ್ನಿ. ಮೆಣಸಿನಕಾಯಿಗೇ ದರ ಏರಿಳಿಯುವಾಗ ಯಾವ ವ್ಯಾಪಾರದ ಲಾಭ ತಾನೇ ಸದಾ ಒಂದೇ ಸಮನಿರುತ್ತದೆ?

ಪೋರ್ಟ್‌ಫೋಲಿಯೊ ನಿರ್ವಹಣಾ ಸೇವೆಗೆ ಕನಿಷ್ಠ 50 ಲಕ್ಷ ರೂಪಾಯಿ ಬೇಕು. ಅದು ಹೆಚ್ಚಿನವರ ಮಾತಲ್ಲ. ಆದರೆ ಮ್ಯೂಚುವಲ್ ಫಂಡಿನಲ್ಲಿ ಕೆಲವು ನೂರು ರೂಪಾಯಿಯಿಂದಲೂ ಆರಂಭಿಸಬಹುದು. ಅಲ್ಲಿ ಒಬ್ಬರ ಹಣವೂ ಹಲವು ಕಂಪೆನಿಗಳಿಗೆ ಹಂಚಿಹೋಗುತ್ತದೆ. ಟಾಟಾ ಎಥಿಕಲ್‌ನಂತಹ ಫಂಡ್‌ಗಳು ಬಡ್ಡಿ, ಮದ್ಯದ ವ್ಯವಹಾರದ ಕಂಪೆನಿಗಳನ್ನು ದೂರವಿಡುತ್ತವೆ. ಅಲ್ಲಿಯೂ ನಷ್ಟದ ಸಾಧ್ಯತೆ ಇದೆ ಎಂಬುದನ್ನು ಮರೆಯದಿರಿ.

ಮಹರ್ ನಿಮ್ಮದೇ ಸೊತ್ತು. ಅದು ಎಲ್ಲಿದೆ, ಯಾರ ಹೆಸರಿನಲ್ಲಿದೆ? ಇಂದೇ ಮನೆಯವರೊಂದಿಗೆ ಕುಳಿತು ಒಂದು ಹಾಳೆಯಲ್ಲಿ ಬರೆದಿಡಿ. ಸಹಿ ಹಾಕುವ ಮುನ್ನ ಓದಿರಿ. ತಿಳಿಯದಿದ್ದರೆ ಕೇಳಿರಿ. ಕೇಳುವುದು ಅವಿಶ್ವಾಸವಲ್ಲ, ಜವಾಬ್ದಾರಿ.