ನಾಲ್ಕು ಗೋಡೆಗಳೊಳಗಿನ ಗಾಳಿಗೆ ಹೊಣೆ ಯಾರು?

ಮಾಲಿನ್ಯವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಕಾರ್ಖಾನೆಯ ಚಿಮಣಿ, ಗಣಿಯ ಧೂಳು, ಹೊಳೆಗೆ ಹರಿಸಿದ ಕೊಳಕು ನೀರು. ಗೋಕಾಕ, ಹುಕ್ಕೇರಿ ಹಾಗೂ ಗೋಕಾಕದಿಂದ ಬೇರ್ಪಟ್ಟು ಹೊಸ ತಾಲೂಕಾದ ಮೂಡಲಗಿಯ ಕಚೇರಿಗಳನ್ನೂ ಅವುಗಳ ಸುತ್ತಲಿನ ಝೆರಾಕ್ಸ್ ಅಂಗಡಿಗಳನ್ನೂ ಯಾರೂ ಈ ಪಟ್ಟಿಗೆ ಸೇರಿಸುವುದಿಲ್ಲ. ಇಕ್ಕಟ್ಟಾದ ಕೋಣೆ, ಒಂದೇ ಬಾಗಿಲು, ಎರಡು ಯಂತ್ರಗಳು. ಅವುಗಳ ನಡುವೆ ಬೆಳಗಿನಿಂದ ಸಂಜೆಯವರೆಗೆ ನಿಂತಿರುವ, ಹಳ್ಳಿಯಿಂದ ಬಂದ ಹುಡುಗ ಅಥವಾ ಹುಡುಗಿ. ಅವರು ಉಸಿರಾಡುವ ಗಾಳಿ ಯಾರ ಲೆಕ್ಕಕ್ಕೂ ಸೇರಿಲ್ಲ.

ಲೇಸರ್ ಪ್ರಿಂಟರಿನ ಟೋನರ್ ಶಾಯಿಯಲ್ಲ. ಪ್ಲಾಸ್ಟಿಕ್ ಮತ್ತು ಇಂಗಾಲದ ಕಪ್ಪು ಬೆರೆತ ನುಣುಪಾದ ಪುಡಿ. ಕಾದ ಉರುಳೆಯೊಂದು ಅದನ್ನು ಕರಗಿಸಿ ಕಾಗದಕ್ಕೆ ಅಂಟಿಸುತ್ತದೆ. ಆ ಬಿಸಿಗೆ ಆವಿಯಾದ ರಾಸಾಯನಿಕಗಳು ತಣಿಯುತ್ತಲೇ ಅತಿಸೂಕ್ಷ್ಮ ಕಣಗಳಾಗಿ ಗಾಳಿಗೆ ಸೇರುತ್ತವೆ. ಮೂಗು, ಗಂಟಲುಗಳು ತಡೆಯಲಾರದ ಈ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಹಳೆಯ ಯಂತ್ರಗಳಾದರೆ ಇದರೊಂದಿಗೆ ಓಜೋನ್ ಅನಿಲವನ್ನೂ ಸೂಸುತ್ತವೆ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತಾಂತ್ರಿಕ ವಿಶ್ವವಿದ್ಯಾಲಯದ ಲಿಡಿಯಾ ಮೊರಾವ್‌ಸ್ಕಾ ಅವರ ತಂಡ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 62 ಪ್ರಿಂಟರುಗಳ ಪೈಕಿ 17 ಯಂತ್ರಗಳು ಅತಿ ಹೆಚ್ಚು ಕಣಗಳನ್ನು ಹೊರಸೂಸುವುದು ಕಂಡುಬಂದಿತು. ಅನೇಕ ಯಂತ್ರಗಳು ಕಣಗಳನ್ನು ಹೊಮ್ಮಿಸಲೇ ಇಲ್ಲ ಎಂಬುದೂ ಅಷ್ಟೇ ಮುಖ್ಯ. ಅಂದರೆ ಒಳ್ಳೆಯ ಯಂತ್ರವನ್ನು ತಯಾರಿಸುವುದೂ ಆರಿಸಿಕೊಳ್ಳುವುದೂ ಸಾಧ್ಯ. ಜರ್ಮನಿಯ 'ನೀಲಿ ದೇವತೆ' ಪರಿಸರ ಮುದ್ರೆ 2013ರಿಂದ ಪ್ರಿಂಟರಿನ ಅತಿಸೂಕ್ಷ್ಮ ಕಣಗಳಿಗೆ ಮಿತಿ ಹಾಕಿದೆ. ಅದೇ ವರ್ಷ ನಮ್ಮ ದೇಶದ ಝೆರಾಕ್ಸ್ ಅಂಗಡಿಗಳ ಕೆಲಸಗಾರರ ಕುರಿತು ಪ್ರಕಟವಾದ ಅಧ್ಯಯನವೊಂದು, ಅವರ ರಕ್ತದಲ್ಲಿ ಉರಿಯೂತದ ಗುರುತುಗಳು ಹೆಚ್ಚಿರುವುದನ್ನು ತೋರಿಸಿತು.

"ಸೌದೆ ಒಲೆಯ ಹೊಗೆಯ ಮುಂದೆ ಇದು ಯಾವ ಲೆಕ್ಕ?" ಎಂದು ಕೆಲವರು ಕೇಳುತ್ತಾರೆ. ಒಲೆಯ ಹೊಗೆ ದೊಡ್ಡ ಕೇಡು, ನಿಜ. ಆದರೆ ಬೆಳಿಗ್ಗೆ ಒಲೆ ಊದಿ ಅಂಗಡಿಗೆ ಬರುವ ಹುಡುಗಿಗೆ ಇರುವುದು ಅದೇ ಎರಡು ಶ್ವಾಸಕೋಶಗಳು. ಒಂದು ಕೇಡು ಇನ್ನೊಂದಕ್ಕೆ ರಿಯಾಯಿತಿ ಆಗಲಾರದು.

ಗೋಕಾಕ ಫಾಲ್ಸ್‌ನಲ್ಲಿ ನೂಲಿನ ಗಿರಣಿ ಕಂಡ ಈ ಸೀಮೆಗೆ ಹತ್ತಿಯ ಧೂಳು ಹೊಸದಲ್ಲ. ಆ ಧೂಳಿನಿಂದ ಬರುವ ಬಿಸಿನೋಸಿಸ್ ರೋಗ 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ ಸ್ಥಾನ ಪಡೆಯಿತು. ಇಬ್ಬರು ದುಡಿಯುವ ಅಂಗಡಿಯಾದರೋ ಕಾರ್ಖಾನೆಯೇ ಅಲ್ಲ! 2009ರ ರಾಷ್ಟ್ರೀಯ ವಾಯು ಗುಣಮಟ್ಟದ ಮಾನದಂಡಗಳೂ ಹೊರಗಿನ ಗಾಳಿಗೆ ಮಾತ್ರ. ಅವು ಕಣಗಳನ್ನು ತೂಗುತ್ತವೆ, ಎಣಿಸುವುದಿಲ್ಲ. ತೂಕವೇ ಇಲ್ಲದಷ್ಟು ಸಣ್ಣ ಕಣಗಳು ಆ ತಕ್ಕಡಿಗೆ ಸಿಗುವುದಿಲ್ಲ.

ಇನ್ನು, ಇಷ್ಟೊಂದು ನಕಲುಗಳಾದರೂ ಏಕೆ? 'ಭೂಮಿ' ಯೋಜನೆಯಡಿ ಉತಾರಗಳು ಗಣಕಕ್ಕೆ ಸೇರಿ ಎರಡು ದಶಕಗಳು ಕಳೆದಿವೆ. ಆದರೂ ಸರ್ಕಾರದ ಬಳಿಯೇ ಇರುವ ದಾಖಲೆಯ ಪ್ರತಿಯನ್ನು ಸರ್ಕಾರದ ಇನ್ನೊಂದು ಕಚೇರಿ ರೈತನಿಂದ ಬೇಡುವುದುಂಟು. ಈ ಬೇಡಿಕೆಯ ಬೆಲೆ ರೈತನ ಜೇಬಿಗೆ ಮಾತ್ರವಲ್ಲ, ನಕಲು ತೆಗೆಯುವವರ ಎದೆಗೂ ತಟ್ಟುತ್ತದೆ.

ನಮ್ಮ ಒತ್ತಾಯಗಳು ಸರಳ. ಕಚೇರಿಗಳು ಪ್ರಿಂಟರ್ ಕೊಳ್ಳುವಾಗ ಕಣಗಳ ಮಿತಿಯನ್ನು ಟೆಂಡರಿನಲ್ಲಿ ಸೇರಿಸಲಿ. ಯಂತ್ರಗಳಿರುವ ಪ್ರತಿ ಕೋಣೆಗೂ ಕಿಟಕಿ ಮತ್ತು ಗಾಳಿ ಹೊರದೂಡುವ ಫ್ಯಾನು ಇರಲಿ. ಕಾರ್ಟ್ರಿಜ್‌ಗೆ ಪುಡಿ ತುಂಬುವ ಕೆಲಸ ಮುಚ್ಚಿದ ಕೋಣೆಯಲ್ಲಿ ನಡೆಯದಿರಲಿ. ಚೆಲ್ಲಿದ ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಲಿ. ತನ್ನಲ್ಲೇ ಇರುವ ದಾಖಲೆಯ ನಕಲನ್ನು ಸರ್ಕಾರ ಕೇಳದಿರಲಿ.

ವಿದ್ಯಾರ್ಥಿಗಳೇ, ಮುಂದಿನ ಗ್ರಾಮಸಭೆಯಲ್ಲಿ ಈ ಪ್ರಶ್ನೆಗಳನ್ನೆತ್ತಿರಿ. ಗುಡ್ಡದ ಮೇಲಿನ ಗಾಳಿಗಾಗಿ ಹೋರಾಡುವ ನಾವು, ಗೋಡೆಗಳೊಳಗಿನ ಗಾಳಿಗಾಗಿಯೂ ದನಿಯೆತ್ತಬೇಕು.