ನಕ್ಷೆಯ ಮೂಲೆಯಲ್ಲಿ ಒಂದಿಷ್ಟು ಹಸಿರು

ಬೆಂಗಳೂರಿನ ಹೊರವಲಯದ ಖಾಸಗಿ ಬಡಾವಣೆಯೊಂದರಲ್ಲಿ ನಿವೇಶನ ಕೊಂಡಾಗ ನಾನು ಕೇಳಿದ್ದು ಮೂರೇ ಪ್ರಶ್ನೆ: ಪೂರ್ವಾಭಿಮುಖವೇ, ಚದರಡಿಗೆ ಎಷ್ಟು, ಬ್ಯಾಂಕ್ ಸಾಲ ದೊರೆಯುವುದೇ? ನಕ್ಷೆಯ ಒಂದು ಮೂಲೆಗೆ ಹಸಿರು ಬಳಿದು ‘ಉದ್ಯಾನ’ ಎಂದು ಬರೆದಿದ್ದರು. ಅದನ್ನು ಕಂಡು ಸಂತೋಷಪಟ್ಟೆನೇ ಹೊರತು ಹೋಗಿ ನೋಡಲಿಲ್ಲ. ಮನೆ ಕಟ್ಟಿ ವಾಸಕ್ಕೆ ಬಂದ ಮೇಲೆ ತಿಳಿಯಿತು, ಹೈಟೆನ್ಷನ್ ತಂತಿಯ ಕೆಳಗೆ ಯಾರೂ ಮನೆ ಕಟ್ಟಲಾಗದೆ ಉಳಿದ ಉದ್ದನೆಯ ಪಟ್ಟಿಯೇ ನಮ್ಮ ಉದ್ಯಾನ ಎಂದು.

ಅಳತೆಯಲ್ಲಿ ಮೋಸವಿರಲಿಲ್ಲ. ನಮ್ಮ ನಿಯಮಗಳ ದೌರ್ಬಲ್ಯವೂ ಇಲ್ಲಿಯೇ ಇದೆ. ಅವು ಎಷ್ಟು ಜಾಗ ಎಂದು ಖಚಿತವಾಗಿ ಕೇಳುತ್ತವೆ. ಎಂಥ ಜಾಗ, ಎಲ್ಲಿರುವ ಜಾಗ ಎಂಬುದನ್ನು ಅಷ್ಟು ಗಟ್ಟಿಯಾಗಿ ಕೇಳುವುದಿಲ್ಲ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯಂತೆ, ಪ್ರಾಧಿಕಾರವು ರೂಪಿಸುವ ಬಡಾವಣೆಯಲ್ಲಿ ಕನಿಷ್ಠ ಶೇ 15ರಷ್ಟು ಭೂಮಿ ಉದ್ಯಾನ ಮತ್ತು ಆಟದ ಮೈದಾನಕ್ಕೆ, ಇನ್ನೂ ಶೇ 10ರಷ್ಟು ನಾಗರಿಕ ಸೌಲಭ್ಯಗಳಿಗೆ ಮೀಸಲಾಗಬೇಕು. ಖಾಸಗಿ ಬಡಾವಣೆಗಳ ಪ್ರಮಾಣ ಬೇರೆಯಿರಬಹುದು, ತತ್ತ್ವ ಒಂದೇ. ಗುಂಟೆಯ ಲೆಕ್ಕದಲ್ಲಿ ಹೇಳುವುದಾದರೆ, 40 ಗುಂಟೆಯ ಒಂದು ಎಕರೆಯಲ್ಲಿ ಉದ್ಯಾನಕ್ಕೆ ಆರು ಗುಂಟೆ. ಅಂದರೆ 30x40ರ ಐದು ನಿವೇಶನಗಳಿಗಿಂತ ತುಸು ಹೆಚ್ಚು. ಇಂದಿನ ಬೆಲೆಯಲ್ಲಿ ಇದು ಸಣ್ಣ ತ್ಯಾಗವಲ್ಲ. ಹಾಗಾಗಿಯೇ ಚೌಕಾಕಾರದ, ರಸ್ತೆಗೆ ಮುಖ ಮಾಡಿದ ನೆಲವೆಲ್ಲ ಮಾರಾಟಕ್ಕೆ ಹೋಗುತ್ತದೆ. ತಗ್ಗು, ತ್ರಿಕೋನ, ಕಾಲುವೆಯಂಚು ಸಾರ್ವಜನಿಕರ ಪಾಲಿಗೆ ಬರುತ್ತವೆ.

ಹೀಗೆ ಬಂದದ್ದನ್ನಾದರೂ ಉಳಿಸಿಕೊಳ್ಳುವುದು ಸುಲಭವಲ್ಲ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ನರ್ಸಿಂಗ್ ಹೋಂ ಕಟ್ಟಲು ಟ್ರಸ್ಟೊಂದಕ್ಕೆ ಕೊಡಲಾಗಿತ್ತು. ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಆ ಹಂಚಿಕೆ ಸಲ್ಲದೆಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಸ್ಪತ್ರೆಯೂ ಸಾರ್ವಜನಿಕ ಹಿತಕ್ಕೇ ಅಲ್ಲವೇ ಎಂಬ ವಾದವನ್ನು ಅದು ಒಪ್ಪಲಿಲ್ಲ. ಆದರೆ ಪ್ರತಿ ಬಡಾವಣೆಯವರೂ ದೆಹಲಿಯವರೆಗೆ ವ್ಯಾಜ್ಯ ನಡೆಸಬಲ್ಲರೇ?

ಕಂದಾಯ ನಿವೇಶನಗಳ ಕಥೆ ಇನ್ನೂ ಕಷ್ಟದ್ದು. ಭೂಪರಿವರ್ತನೆಯಿಲ್ಲದೆ, ನಕ್ಷೆಗೆ ಅನುಮೋದನೆಯಿಲ್ಲದೆ ತುಂಡಾದ ಹೊಲಗಳಲ್ಲಿ ಉದ್ಯಾನದ ಮಾತಿರಲಿ, ಅಗ್ನಿಶಾಮಕ ವಾಹನ ತಿರುಗುವಷ್ಟು ರಸ್ತೆಯೂ ಇಲ್ಲದಿರುವುದುಂಟು. ಅಲ್ಲಿ ಮನೆ ಕಟ್ಟಿದವರನ್ನು ದೂರಲಾರೆ; ಅವರ ಕೈಗೆಟುಕಿದ್ದು ಅದೊಂದೇ. ಬಿ ಖಾತೆಗಳನ್ನು ಎ ಖಾತೆಗೆ ಬದಲಿಸುವ ಯೋಜನೆಯನ್ನು ಸರ್ಕಾರ 2025ರಲ್ಲಿ ಪ್ರಕಟಿಸಿತು. ಅದರಿಂದ ಸಾಲ ಸಿಗಬಹುದು, ಮಾರಾಟ ಸಲೀಸಾಗಬಹುದು. ಬಿಡದೇ ಹೋದ ಮೈದಾನ ಮಾತ್ರ ಎಲ್ಲಿಂದ ಬರಬೇಕು?

ಆದ್ದರಿಂದ ನಕ್ಷೆ ಬರೆಯುವ ಕ್ರಮವನ್ನೇ ತಿರುವುಮುರುವು ಮಾಡಬೇಕೆಂಬುದು ನನ್ನ ವಾದ. ನೀರು ಹರಿಯುವ ದಾರಿಯನ್ನು ಮೊದಲು ಗುರುತಿಸಲಿ. 2022ರ ಸೆಪ್ಟೆಂಬರ್‌ನಲ್ಲಿ ಪೂರ್ವ ಬೆಂಗಳೂರಿನ ದುಬಾರಿ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರ್‌ಗಳಲ್ಲಿ ಹೊರತಂದದ್ದನ್ನು ನೋಡಿದ ಮೇಲೆ ಇದಕ್ಕೆ ವಿವರಣೆ ಬೇಕಿಲ್ಲ. ಬಳಿಕ ರಸ್ತೆ, ಆಮೇಲೆ ಮಕ್ಕಳು ನಡೆದು ಹೋಗಬಹುದಾದ ನಡುಭಾಗದಲ್ಲಿ ಮೈದಾನ. ಉಳಿದದ್ದು ನಿವೇಶನ. ತಂತಿಯ ಕೆಳಗಿನ ಜಾಗವನ್ನು ಉದ್ಯಾನದ ಲೆಕ್ಕಕ್ಕೆ ಹಿಡಿಯಲೇಬಾರದು. ಸಾರ್ವಜನಿಕ ಜಾಗ ಸ್ಥಳೀಯ ಸಂಸ್ಥೆಗೆ ನೋಂದಣಿಯಾಗಿ, ಸುತ್ತ ಬೇಲಿ ಬಿದ್ದ ನಂತರವೇ ಮೊದಲ ನಿವೇಶನದ ಕ್ರಯಪತ್ರಕ್ಕೆ ಉಪನೋಂದಣಾಧಿಕಾರಿ ಸಹಿ ಹಾಕಲಿ. ಬೆಲೆ ಏರುತ್ತದೆ ಎಂದು ಬಡಾವಣೆ ಮಾಡುವವರು ಹೇಳುತ್ತಾರೆ. ಏರಬಹುದು. ಈಗಲೂ ನಾವು ಉದ್ಯಾನವಿದೆಯೆಂದು ನಂಬಿ ಅದರ ಬೆಲೆ ತೆತ್ತೇ ಕೊಳ್ಳುತ್ತಿದ್ದೇವೆ.

ನಮ್ಮ ನಿವಾಸಿಗಳ ಸಂಘ ಆ ಪಟ್ಟಿಯಲ್ಲಿ ಹೊಂಗೆ ಸಸಿಗಳನ್ನು ನೆಟ್ಟಿತ್ತು. ಎತ್ತರಕ್ಕೆ ಬೆಳೆದಾಗ ವಿದ್ಯುತ್ ಸಿಬ್ಬಂದಿ ಬಂದು ಕಡಿದರು. ಅದು ಅವರ ಕರ್ತವ್ಯ. ಈಗ ಅಲ್ಲಿ ಕಾರು ನಿಲ್ಲಿಸುತ್ತಿದ್ದೇವೆ, ನನ್ನದೂ ಸೇರಿ.