ಮಕ್ಕಳ ಮನೆಗೆ ವಿದೇಶಕ್ಕೆ ಹೊರಟ ಹಿರಿಯರು: ವಿಮೆ ವೀಸಾಕ್ಕೋ, ಆಸ್ಪತ್ರೆಗೋ?

ಮಗಳ ಬಾಣಂತನಕ್ಕೆ, ಮೊಮ್ಮಕ್ಕಳನ್ನು ನೋಡಲಿಕ್ಕೆ ಎಂದು ಅಮೆರಿಕ, ಕೆನಡಾ, ಯುರೋಪಿಗೆ ಹೋಗಿಬರುವ ಹಿರಿಯರು ಈಗ ನಮ್ಮ ಸಮಾಜದಲ್ಲಿ ಊರೂರಿಗೂ ಇದ್ದಾರೆ. ಟಿಕೆಟ್ಟಿಗೆ ನಾಲ್ಕು ಕಡೆ ದರ ವಿಚಾರಿಸುವ ನಾವು, ವಿಮೆಯನ್ನು ಮಾತ್ರ ಏಜೆಂಟ್ ಕೊಟ್ಟ ಕಾಗದವೆಂದು ಓದದೆ ಚೀಲಕ್ಕೆ ಹಾಕಿಬಿಡುತ್ತೇವೆ.

ಯುರೋಪಿನ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. ಕೆನಡಾದ ಮಕ್ಕಳು ತಂದೆ-ತಾಯಿಗೆ ಮಾಡಿಸುವ ಸೂಪರ್ ವೀಸಾಕ್ಕೆ ಕನಿಷ್ಠ 1 ಲಕ್ಷ ಕೆನಡಿಯನ್ ಡಾಲರ್‌ನ, ಒಂದು ವರ್ಷದ ಪಾಲಿಸಿ ಬೇಕು. 2025ರ ಜನವರಿಯಿಂದ ಹೊರದೇಶದ ಕಂಪನಿಯ ಪಾಲಿಸಿಯೂ ನಡೆಯುತ್ತದೆ, ಆದರೆ ಆ ಕಂಪನಿಗೆ ಕೆನಡಾದ ನಿಯಂತ್ರಕರ ಅನುಮತಿ ಇರಲೇಬೇಕು. ಚಿಕಿತ್ಸೆ ಅತಿ ದುಬಾರಿಯಾದ ಅಮೆರಿಕ ಮಾತ್ರ ಪ್ರವಾಸಿ ವೀಸಾಕ್ಕೆ ವಿಮೆ ಕೇಳುವುದೇ ಇಲ್ಲ. ಕೇಳಲಿಲ್ಲ ಅಂದಮೇಲೆ ಬೇಡ ಎಂದುಕೊಳ್ಳುವವರಿದ್ದಾರೆ. ಅಲ್ಲಿನ ಸರ್ಕಾರದ ಮೆಡಿಕೇರ್ ಪ್ರವಾಸಿಗರಿಗೆ ಸಿಗದು. ಇಲ್ಲಿ ಮಾಡಿಸಿದ ಮೆಡಿಕ್ಲೈಮ್ ಸಾಮಾನ್ಯವಾಗಿ ಭಾರತದ ಗಡಿ ದಾಟುವುದಿಲ್ಲ. ತುರ್ತು ವಿಭಾಗದವರು ಹಣವಿಲ್ಲವೆಂದು ರೋಗಿಯನ್ನು ಹಾಗೇ ಕಳಿಸುವಂತಿಲ್ಲ ಎಂಬ 1986ರ ಕಾನೂನು ಅಲ್ಲಿದೆ, ನಿಜ. ಆದರೆ ಬಿಲ್ಲು ಮಾಫಿ ಆಗುವುದಿಲ್ಲ. ಆಮೇಲೆ ಅಂಚೆಯಲ್ಲಿ ಬರುತ್ತದೆ.

ದೊಡ್ಡ ತೊಡಕು ಹಳೆಯ ಕಾಯಿಲೆಯದು. ನನ್ನ ಅಣ್ಣನಿಗೆ ಬಿಪಿ ಇತ್ತು. ಏಜೆಂಟ್ ಅರ್ಜಿಯಲ್ಲಿ 'ಇಲ್ಲ' ಎಂದು ತುಂಬಿದ, ಇವರು ಸಹಿ ಹಾಕಿದರು. ಅಲ್ಲಿ ಎದೆನೋವಾಗಿ ಮೂರು ದಿನ ಆಸ್ಪತ್ರೆ. ಕಂಪನಿ ಇಲ್ಲಿನ ಡಾಕ್ಟರ ಚೀಟಿ ತರಿಸಿ ನೋಡಿತು, ಕ್ಲೈಮ್ ತಿರಸ್ಕರಿಸಿತು. ಮಗ ಕಂತಿನಲ್ಲಿ ತೀರಿಸಿದ. ಕಂಪನಿಯನ್ನು ಬೈಯೋಣವೆಂದರೆ ಸಹಿ ನಮ್ಮದೇ.

ನಿಜ ಬರೆದರೂ ಹಲವು ಪಾಲಿಸಿಗಳು ಹಳೆಯ ಕಾಯಿಲೆಗೆ ಜೀವಕ್ಕೆ ಅಪಾಯವಾದಾಗ ಮಾತ್ರ, ಅದೂ ಒಂದು ಮಿತಿಯೊಳಗೆ ಕೊಡುತ್ತವೆ. 60 ದಾಟಿದವರಿಗೆ ಇನ್ನೊಂದು ಕತ್ತರಿ. ಮುಖಪುಟದಲ್ಲಿ 50,000 ಡಾಲರ್ ಎಂದಿರುತ್ತದೆ. ಒಳಗೆ ಕೊಠಡಿಗೆ ಇಷ್ಟು, ಶಸ್ತ್ರಚಿಕಿತ್ಸೆಗೆ ಇಷ್ಟು ಎಂದು ಬೇರೆ ಬೇರೆ ಮಿತಿ. ಮೇಲಿನ ಮೊತ್ತ ಕೈಗೆ ಬರುವುದೇ ಇಲ್ಲ. ಮೂಟೆಯ ಮೇಲಿನ ತೂಕ ನಂಬಿ ಸರಕು ಇಳಿಸಿಕೊಳ್ಳುವ ವ್ಯಾಪಾರಿ ನಮ್ಮಲ್ಲಿ ಯಾರಿದ್ದಾರೆ? ನಮ್ಮ ಪಾಲಿನ ಮೊದಲ ಖರ್ಚು ಎಷ್ಟು ಎಂಬುದನ್ನೂ ಕೇಳಿ.

ಅಮೆರಿಕದ ಕಂಪನಿಯಿಂದ ಮಕ್ಕಳೇ ಅಲ್ಲಿ ಕೊಳ್ಳಬಹುದು. ಅಲ್ಲಿನ ಆಸ್ಪತ್ರೆಗಳ ಜಾಲ ಅವಕ್ಕಿರುವುದರಿಂದ ಒಮ್ಮೊಮ್ಮೆ ಅನುಕೂಲ. ಅಲ್ಲೂ ಎರಡು ಬಗೆ: ಒಂದೊಂದು ಸೇವೆಗೆ ನಿಗದಿತ ಮೊತ್ತ ಕೊಡುವ ಅಗ್ಗದ್ದು, ಬಿಲ್ಲಿನ ಪಾಲು ಭರಿಸುವ ದುಬಾರಿಯದ್ದು. ನನ್ನ ಮಟ್ಟಿಗೆ ಎರಡನೆಯದೇ ಸರಿ, ಮೊದಲನೆಯದು ದೊಡ್ಡ ಬಿಲ್ಲಿನ ಮುಂದೆ ನಿಲ್ಲುವುದಿಲ್ಲ.

ಆದರೆ ತಕರಾರು ಬಂದರೆ ಅಲ್ಲಿಯದಕ್ಕೆ ಅಲ್ಲೇ ಹೋರಾಡಬೇಕು. ಇಲ್ಲಿಯ ಕಂಪನಿಯ ಪಾಲಿಸಿಯಾದರೆ ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ.